ಎರೆಯಲ್ಲಿ ಹೂತ ಗಸ್ತಿನ ಕಾರು

"ಹಲೋ... ಹಾಂ, ಹಲೋ... ಯಾರ್ರೀ ಮಾತಾಡೂದು?... ಬೆಳ್ಳಟ್ಟಿ ಪೋಸ್ಟಿನಿಂದ ಅಂತ ಎಕ್ಸ್‌ಚೇಂಜಿನ ವಿಮಲಾಬಾಯಾರು ಹೇಳಿದ್ರು, ಅದು ಗೊತ್ತಾತು. ಮಾತಾಡೋರು ಯಾರು ಅಂತ ಕೇಳಿದೆ."

ಲಕ್ಷ್ಮಪ್ಪ ಕೇಳಿದ್ದು ಬರೀ ಕೇಳಬೇಕೆಂದು. ಆಚೆಯವರು ಬಾಯಿ ತೆರೆಯುವ ಮೊದಲು ಬಿಟ್ಟ ಉಸಿರಿನಲ್ಲೇ ಅವನಿಗೆ ಗುರುತು ಸಿಕ್ಕಿತ್ತು. ಇನ್‌ಸ್ಪೆಕ್ಟರ್ ಮಾರ್ತಾಂಡರಾಯರು. ಅವರ ಜೀಪಿನ ಸ್ಟೇರಿಂಗ್ ಹಿಡಿದು ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗಿನ ಹಳ್ಳಿ ಹಳ್ಳಿಯ ಗಸ್ತು ತಿರುಗಿದವನು ಅವನು. ಹೋದ ವರ್ಷ ಅವನನ್ನು ಸ್ಟೇರಿಂಗಿನಿಂದ ಇಳಿಸಿ, ಶಿರಹಟ್ಟಿಯ ಪೊಲೀಸ್ ಕಚೇರಿಯ ಈ ಕುಂಟು ಕುರ್ಚಿಯಲ್ಲಿ ಫೋನು ಕಾಯಲು ಕೂರಿಸಿದವರು ಅವರು.

"ಯಾರು?... ಸ್ವಲ್ಪ ಜೋರಾಗಿ ಹೇಳ್ರಿ, ಲೈನು ಖರಖರ ಅನ್ನಾಕತ್ತೈತಿ... ಮಾರ್ತಾಂಡಪ್ಪನಾ? ಯಾವ ಮಾರ್ತಾಂಡಪ್ಪ?... ಹಾಂ ಹಾಂ, ಸಾಹೇಬ್ರಾ? ನಮಸ್ಕಾರ್ರೀ ಸಾಹೇಬ್ರ. ತಪ್ಪು ತಿಳೀಬ್ಯಾಡ್ರಿ, ದನಿ ಗೊತ್ತಾಗಲಿಲ್ಲ. ನಾನ್ರೀ, ಲಕ್ಷ್ಮಪ್ಪ."

ಲೈನು ಖರಖರ ಅನ್ನುತ್ತಿರಲಿಲ್ಲ. ಬೆಳ್ಳಟ್ಟಿಯ ಅಂಚೆಮನೆಯ ಕಟ್ಟೆಯ ಮೇಲೆ ಯಾರೋ ಕೆಮ್ಮಿದ್ದು, ಇನ್ಯಾರೋ ಎಲೆ ಅಡಿಕೆ ಉಗುಳಿದ್ದು ಕೂಡ ಕೇಳುವಷ್ಟು ಅದು ನಿಚ್ಚಳವಾಗಿತ್ತು. ಮಂದಿ ಕೂಡಿದ್ದಾರೆ ಎಂದು ಅವನಿಗೆ ಆಗಲೇ ತಿಳಿಯಿತು.

"ಏನಾತ್ರಿ?... ಹುಗದೈತಾ?... ಯಾವುದ್ರಿ, ಕಾರಾ? ಗಸ್ತಿನ ಹೊಸಾ ಕಾರಾ?... ಎಷ್ಟ ಹುಗದೈತಿ?... ಬಾಗಲಾ ತಗ್ಯಾಕ ಬರವಲ್ದು ಅಂದ್ರ ಹೊಟ್ಟಿಮಟ ಇಳದೈತಿ ಬಿಡ್ರಿ. ಮತ್ತ ನೀವು ಹ್ಯಾಂಗ ಹೊರಗ ಬಂದ್ರಿ?... ಕಿಡಕ್ಯಾಗಿಂದಾ?"

ಚಹಾ ತಂದಿದ್ದ ಮೋತಿಬಿ ಕಪ್ಪು ಇಟ್ಟವಳು ಹೋಗದೆ ಬಾಗಿಲ ಹತ್ತಿರ ನಿಂತಳು. ಕಚೇರಿಯ ಕಸ ಹೊಡೆಯುವವಳೂ ಅವಳೇ, ಎಲ್ಲರ ಸುದ್ದಿ ಇಟ್ಟುಕೊಂಡವಳೂ ಅವಳೇ. ಲಕ್ಷ್ಮಪ್ಪ ಅವಳತ್ತ ನೋಡಲಿಲ್ಲ. ಮಾರ್ತಾಂಡರಾಯರ ತುಂಬಿದ ಮೈ ಕಾರಿನ ಕಿಟಕಿಯಲ್ಲಿ ಸಿಕ್ಕಿ ಹೊರಬರುವುದನ್ನು ಮನಸ್ಸಿನಲ್ಲೇ ಒಮ್ಮೆ ನಿಧಾನವಾಗಿ ನೋಡಿಕೊಂಡ.

"ಅಲ್ರೀ, ಆ ಹೊಲದ ದಾರಿ ಯಾಕ ಹಿಡದ್ರಿ?... ಜಲ್ದಿ ಆಗತೈತಂತಾ?... ಹೂಂ, ದೊಡ್ಡ ಸಾಹೇಬ್ರು ಧಾರವಾಡದಿಂದ ಬರೂದು ಗೊತ್ತೈತ್ರಿ. ಮಧ್ಯಾನ ಶಿರಹಟ್ಟಿಗೆ ಬಂದು ಕಾರು ನೋಡತಾರ, ನೋಡಿ ಎಲ್ಲಾ ಕಡೆ ಗಸ್ತಿಗೆ ಕಾರ ಕೊಡೂದೋ ಬ್ಯಾಡೋ ಅಂತ ಠರಾಯಿಸತಾರ. ಅದಕ್ಕ ಹಳ್ಳಿ ಸುತ್ತಿ ಬಂದ ಕಾರು ತೋರಸಬೇಕಂತ ನೀವು ಹೊಂಟಿದ್ರಿ, ಹೌದಲ್ರೀ?... ದಾರಿ ಒಣಗಿತ್ತಾ? ಮ್ಯಾಲ ಒಣಗಿರತೈತ್ರಿ ಸಾಹೇಬ್ರ. ಮಳಿ ಆದ ಮ್ಯಾಲ ಎರಿಹೊಲ ಅಂದ್ರ ಕೆನಿ ಕಟ್ಟಿದ ಹಾಲ ಇದ್ದಂಗ. ಬಟ್ಟ ಇಟ್ರ ಒಳಗ ಹೋತು."

"ನಿಮ್ಮ ಹೊಸಾ ಡ್ರೈವರ್ ಅಲ್ಲಾಉದ್ದೀನ ಏನ ಮಾಡಾಕತ್ತಾನ?... ಎಂಜಿನ್ ಚಾಲೂ ಇಟ್ಟು ಗಾಲಿ ತಿರಗಸಾಕತ್ತಾನಾ? ಬ್ಯಾಡ ಅನ್ರಿ ಅವಗ. ತಿರಗಿದಷ್ಟೂ ಇಳೀತೈತಿ... ನೀವ ಹೇಳಿದ್ರಾ? ಹಂಗಾದ್ರ ನೀವ ಬ್ಯಾಡ ಅನ್ರಿ."

ಆಚೆ ಕಡೆ ಸಾಹೇಬರು ಯಾರನ್ನೋ ಕೂಗಿ ಹೊಲಕ್ಕೆ ಓಡಿಸಿದ್ದು ಕೇಳಿತು. ತಾನು ಹೇಳಿದ್ದನ್ನು ಸಾಹೇಬರು ಮರುಮಾತಿಲ್ಲದೆ ಮಾಡಿದ್ದು ಇದೇ ಮೊದಲು. ಲಕ್ಷ್ಮಪ್ಪ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಜೀಪಾ?... ಜೀಪು ಎಲ್ಲಿ ಹೋಗತೈತ್ರಿ, ಇಲ್ಲೇ ಬೇವಿನ ಗಿಡದ ಕೆಳಗ ಐತಿ. ಇಟ್ಟಂಗಿ ಮ್ಯಾಲ ಕುಂತೈತಿ... ಇಲ್ರೀ, ಬರಂಗಿಲ್ಲ. ಗಾಲಿ ಬೇಕಲ್ರೀ ಬರಾಕ. ಇನ್ನ ಜೀಪಿನ ಕಾಲ ಮುಗೀತು, ಗುಜರಿಗೆ ಹಾಕೂದಂತ ನೀವ ನಿಂತು ಬಿಚ್ಚಿಸಿದ್ರಿ. ಬ್ಯಾಟರಿ ತಗದು ಕಾರಿಗೆ ಹಾಕಿಸಿದ್ರಿ. ಈಗ ಮೋತಿಬಿ ಕೋಳಿ ಡ್ರೈವರ್ ಸೀಟಿನ್ಯಾಗ ಕಾವಿಗೆ ಕುಂತೈತಿ. ಹೇಳ್ರಿ, ಎಬ್ಬಸಲ್ಯಾ?"

ಮೋತಿಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಲಾರಿ ಎಲ್ಲಿಂದ ತರಲ್ರೀ. ಬಂದ್ರೂ ಆ ಹೊಲದಾಗ ಅದೂ ಹುಗೀತೈತಿ, ಎರಡು ಆಗತಾವ... ಎತ್ತಾ? ಎತ್ತು ಹೂಡ್ರಿ ಅಂತ ಕೇಳಿದ್ರಾ?... ಯಾರೂ ಹೂಂ ಅನ್ನವಲ್ರಾ?... ಹ್ಯಾಂಗ ಅಂತಾರ್ರಿ. ಇವತ್ತ ಯಾವ ವಾರ?... ಹಾಂ, ಸೋಮಾರ. ಸೋಮಾರ ಬಸವಣ್ಣನ ಹೆಗಲಿಗೆ ನೊಗ ಹಾಕಂಗಿಲ್ರಿ ನಮ್ಮ ಕಡೆ. ಮನ್ಯಾಗ ಹೆಣ ಬಿದ್ರೂ ಹೂಡಂಗಿಲ್ಲ... ಒಳಗ ಹಾಕ್ತೀನಿ ಅಂದ್ರಾ?... ಹಾಕ್ರಿ. ಯಾವುದರಾಗ ಒಯ್ತೀರಿ ಅವರನ್ನ?"

ಈ ಮಾತು ಬಾಯಿಂದ ಜಾರಿದ್ದಕ್ಕೆ ಲಕ್ಷ್ಮಪ್ಪನೇ ಬೆಚ್ಚಿದ. ಅವನು ಹಿರಿಯರಿಗೆ ಎದುರು ಮಾತಾಡಿ ಬೆಳೆದವನಲ್ಲ. ಯೂನಿಫಾರ್ಮಿನ ಗುಂಡಿ ಸಡಿಲವಾದರೂ ತಾನೇ ತಪ್ಪು ಮಾಡಿದಂತೆ ಅಳುಕುವವನು. ಆದರೆ ಆಚೆಯಿಂದ ಬೈಗುಳ ಬರಲಿಲ್ಲ. ಬಂದದ್ದು ಒಂದು ತಗ್ಗಿದ ದನಿ. 'ಲಕ್ಷ್ಮಪ್ಪ' ಎಂದು ಪೂರ್ತಿ ಹೆಸರು ಹಿಡಿದು ಕರೆದ ದನಿ. ಹೋದ ವರ್ಷ ಅದೇ ದನಿಯಲ್ಲಿ ಅವನ ಹೆಸರು 'ಏ ಬಂಡಿಯವ' ಎಂದಾಗಿತ್ತು. ಅದು ನೆನಪಾದದ್ದೇ ತಡ, ಅಳುಕೆಲ್ಲ ಇಳಿದುಹೋಯಿತು.

"ಕಾರು ಬಂದ ದಿನಾನ ನಾ ಹೇಳಿದ್ನಿಲ್ರೀ ಸಾಹೇಬ್ರ?... ಈಗ್ಯಾಕ ಅಂದ್ರ? ಈಗ ನಿಮಗ ಪುರಸೊತ್ತು ಐತಲ್ರೀ, ಕಾರು ಎಲ್ಲೂ ಹೋಗಂಗಿಲ್ಲ. ಅವತ್ತ ದೊಡ್ಡ ಸಾಹೇಬ್ರು ನಿಂದ್ರಿಸಿ ಕೇಳಿದ್ರು, ಗಾಡಿ ಹೊಡ್ಯಾಂವ ನೀನು, ನೀ ಏನಂತಿ ಅಂತ. ನಾ ಏನಂದೆ? ಗದಗ-ಬೆಟಗೇರಿ ಡಾಂಬರ ರಸ್ತಾಕ ಕಾರು ಚಲೋ, ಹಳ್ಳಿ ಗಸ್ತಿಗೆ ಬ್ಯಾಡ ಅಂದೆ. ಅದರ ಹೊಟ್ಟಿ ನೆಲಕ್ಕ ಸನೇ ಐತಿ. ಜ್ವಾಳ ಎದ್ದು ನಿಂತಾಗ ಒಳಗ ಕುಂತಾವಗ ದಂಟ ಬಿಟ್ರ ಏನೂ ಕಾಣಂಗಿಲ್ಲ, ಜೀಪಿನ್ಯಾಗಾದ್ರ ಎದ್ದು ನಿಂತು ನಾಕ ಹೊಲ ನೋಡಬಹುದು. ಕಳ್ಳ ಓಡಿದ್ರ ಜೀಪಿನಿಂದ ಹಾರಬಹುದು. ಕಾರಿನ್ಯಾಗ ಬಾಗಲಾ ತಗದು ಕಾಲ ಹೊರಗ ಇಡೂದ್ರಾಗ ಅಂವ ಮುಂದಿನ ಊರಾಗ ಚಾ ಕುಡಕೋತ ಕುಂತಿರತಾನ. ಇನ್ನ ಗ್ಲಾಸ ಏರಿಸಿದ ಕಾರಿಗೆ ಯಾವ ಮುದಕಿ ಕೈ ಮಾಡಿ ನಿಲ್ಲಿಸಿ, 'ಸಾಹೇಬಾ, ನಿನ್ನೆ ನಮ್ಮ ಓಣ್ಯಾಗ ಹಿಂಗಾತು' ಅಂತ ಖಬರ ಹೇಳತಾಳ? ಇಷ್ಟ ಅಂದೆ. ನೀವೇನಂದ್ರಿ?... ನೆನಪಿಲ್ಲಾ? ನನಗೈತಿ. ಎತ್ತಿನ ಬಂಡಿ ಹೊಡಿಯೋನಿಗೆ ಕಾರಿನ ರುಚಿ ಹ್ಯಾಂಗ ತಿಳೀಬೇಕು ಅಂದ್ರಿ. ಎಲ್ಲಾರೂ ನಕ್ಕರು."

"ಹಾಂ... ಹೌದ್ರಿ, ಹೊತ್ತು ಆಗಾಕತ್ತೈತಿ. ನಿಮಗ ಆಗಾಕತ್ತೈತಿ. ನಾ ಇಲ್ಲೇ ಇರಾಂವ, ಸಂಜೀತನಕಾ."

ಸಾಹೇಬರು ಈಗ ಕೇಳುತ್ತಿದ್ದರು, ಉಪಾಯವೇನು ಹೇಳು ಎಂದು. ಉಪಾಯ ಲಕ್ಷ್ಮಪ್ಪನ ಹತ್ತಿರ ಮೊದಲೇ ಇತ್ತು. 'ಬೆಳ್ಳಟ್ಟಿ' ಎಂಬ ಹೆಸರು ಕಿವಿಗೆ ಬಿದ್ದಾಗಲೇ ಇತ್ತು. ಅವನು ಒಂದು ಗುಟುಕು ಚಹಾ ಕುಡಿದ.

"ಮಂದೀನ ಎಳೀಬೇಕ್ರಿ. ಎತ್ತಿಗೆ ಸೋಮಾರ ಐತಿ, ಮನಷ್ಯಾಗ ಇಲ್ಲಲ್ಲ. ಗಾಲಿ ಸುತ್ತಿನ ಕೆಸರ ಕೆರದು, ಕೆಳಗ ಹತ್ತಿಕಟಿಗಿ ಒಟ್ಟಿ, ಬಾವಿ ಹಗ್ಗ ಕಟ್ಟಿ ಒಂದ ಉಸರಿಗೆ ಎಳದ್ರ ಬರತೈತಿ. ಆದ್ರ ಊರ ಮಂದಿ ಕೂಡಬೇಕು. ನೀವು ಕರದ್ರ ಬರಂಗಿಲ್ಲ, ಬಂದ್ರೂ ಕೈ ಹಗ್ಗದ ಮ್ಯಾಲ ಇರತೈತಿ, ಜೋರ ಇರಂಗಿಲ್ಲ. ಅಲ್ಲೆ ಒಬ್ಬ ಅದಾನ, ಅಂವ ಒಮ್ಮೆ ಕೂಗಿದ್ರ ಉಣ್ಣಾಕ ಕುಂತವ್ರೂ ಎದ್ದು ಬರತಾರ. ಹೊಳೆಯಪ್ಪ ಅಂತ... ಹಾಂ, ದಪ್ಪ ಮೀಸಿ, ಕೆಂಪು ರುಮಾಲ... ಅಲ್ಲೇ ಅದಾನಾ? ಪೋಸ್ಟಿನ ಕಟ್ಟಿ ಮ್ಯಾಲ?"

ಲಕ್ಷ್ಮಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಹೊಳೆಯಪ್ಪ ಅವನ ಬೀಗನಾಗಬೇಕಿದ್ದವನು. ಲಕ್ಷ್ಮಪ್ಪನ ಮಗಳು ದುರಗವ್ವನನ್ನು ಹೊಳೆಯಪ್ಪನ ಮಗನಿಗೆ ಕೊಡುವುದೆಂದು ಮಾತಾಗಿ, ಎರಡೂ ಊರಲ್ಲಿ ಸಕ್ಕರೆ ಹಂಚಿಯಾಗಿತ್ತು. ಅಷ್ಟರಲ್ಲಿ ಕಾರಿನ ಮೊದಲ ಗಸ್ತು ಬಂತು. ಆ ಗಸ್ತಿನಲ್ಲಿ ಕಾರು ಮುರಿಯಿತು. ಡ್ರೈವರ್ ಸೆರೆ ಕುಡಿದಿದ್ದ ಎಂದು ಸಾಹೇಬರು ಮೇಲಕ್ಕೆ ಹೇಳಿದರು. ಮೇಲೆ ಹೋದ ಮಾತು ಕೆಳಗೆ ಬೆಳ್ಳಟ್ಟಿಗೆ ಇಳಿಯಲು ಒಂದು ಸಂತೆ ಸಾಕಾಯಿತು. ಹೊಳೆಯಪ್ಪನ ಮನೆಯವರು ಬಂದು, ಹುಡುಗಿಗೆ ಉಡಿಸಿದ್ದ ಸೀರೆ ಕುಬಸ ತಿರುಗಿ ಇಸಿದುಕೊಂಡು ಹೋದರು. ಬಾಯಿಗೆ ಒಂದು ಹನಿ ಸೆರೆ ಮುಟ್ಟಿಸದವನ ಮಗಳು ಕುಡುಕನ ಮಗಳಾದಳು. ಅಂದಿನಿಂದ ಕೇಳಿಕೊಂಡು ಬಂದ ಗಂಡಿಲ್ಲ.

"ಮುಖ ತಿರುವಿದ್ನಾ?... ತಿರುವತಾನ ಬಿಡ್ರಿ, ಪೊಲೀಸರಂದ್ರ ಅವಗ ಅಷ್ಟಕ್ಕಷ್ಟ... ನಾ ಹೇಳಲ್ಯಾ? ಫೋನ ಕೊಡ್ತೀರಾ ಅವಗ?... ಕೊಡ್ರಿ. ಆದ್ರ ಒಂದ ತೊಡಕ ಐತಲ್ರೀ ಸಾಹೇಬ್ರ. ಅಂವ ನನ್ನ ಮಾತ ಕೇಳಂಗಿಲ್ಲ. ಕುಡುಕನ ಕೂಡ ಮಾತಾಡಂಗಿಲ್ಲ ಅಂತ ಊರಾಗ ಹೇಳಿ ಕುಂತಾನ."

"ಯಾವ ಕುಡುಕ ಅಂದ್ರ?... ನಾನ್ರೀ. ನೀವ ಮಾಡಿದ್ದು."

ಕಟ್ಟೆಯ ಮೇಲಿನ ಕೆಮ್ಮು ಮತ್ತೆ ಕೇಳಿತು. ಅದು ಹೊಳೆಯಪ್ಪನ ಕೆಮ್ಮು ಎಂದು ಲಕ್ಷ್ಮಪ್ಪನಿಗೆ ಈಗ ಗೊತ್ತಾಯಿತು.

"ಅದಿರಲಿ ಅಂದ್ರ ಹ್ಯಾಂಗ್ರಿ? ಅದ ಅಡ್ಡ ಬಿದ್ದೈತಿ ಈಗ, ನಿಮ್ಮ ಕಾರಿಗೂ ನನಗೂ ನಡುವ. ಹೇಳ್ರಿ, ಅವತ್ತ ಮುಂಡರಗಿ ದಾರಿ ಹಳ್ಳದಾಗ ಸ್ಟೇರಿಂಗ್ ಯಾರ ಕೈಯಾಗ ಇತ್ತು?... ನಾ ಹಿಂದ ಕುಂತಿದ್ನಿ. ಕಾರು ಹೊಳಿನೂ ದಾಟತೈತಿ ನೋಡು ಬಂಡಿಯವ ಅಂತ ನೀವು ಹಿಡದಿದ್ರಿ. ಇಳದು ನೀರಾಗ ನಡದು ನೋಡಿ ಬರತೀನಿ, ತಳದಾಗ ಕಲ್ಲ ಅದಾವ ಅಂದೆ. ಕುಂಡರ್ಲೇ ಅಂದ್ರಿ. ಕಲ್ಲಿಗೆ ಬಡದು ತಳಾ ಒಡದು ಎಣ್ಣಿ ಎಲ್ಲಾ ಹಳ್ಳದ ಪಾಲಾತು. ಮನಿಗೆ ಬರೂದ್ರಾಗ ನಾ ಕುಡುಕ ಆಗಿದ್ದೆ."

"ಸ್ಟೇರಿಂಗ್ ತಿರಿಗಿ ಕೊಡಸ್ತೀರಾ?... ಬ್ಯಾಡ್ರಿ, ಅದು ಆಮ್ಯಾಲಿನ ಮಾತು... ಇಲ್ರೀ, ಬಡ್ತಿನೂ ಬ್ಯಾಡ. ನನಗೇನೂ ಕೊಡೂದ ಬ್ಯಾಡ. ಇದ್ದದ್ದ ಹೇಳ್ರಿ, ಸಾಕು... ನನಗ ಯಾಕ ಹೇಳ್ತೀರಿ, ನನಗ ಗೊತ್ತಿಲ್ಲದ್ದೇನೈತಿ? ಕಟ್ಟಿ ಮ್ಯಾಲ ಕುಂತಾವಗ ಹೇಳ್ರಿ. ಫೋನ ಹಿಡಕೊಂಡ ಹೇಳ್ರಿ, ನನಗೂ ಕೇಳಲಿ."

ಮೋತಿಬಿ ಈಗ ನಗುತ್ತಿರಲಿಲ್ಲ. "ಬಿಡಬ್ಯಾಡ ಲಕ್ಷ್ಮಪ್ಪಣ್ಣ," ಎಂದಳು ಮೆಲ್ಲಗೆ. "ಸಾಹೇಬ ಹಲ್ಲಾಗ ಸಿಕ್ಕಾನ."

ಇದು ಕಚೇರಿಯ ಫೋನು. ಲಕ್ಷ್ಮಪ್ಪ ಕಚೇರಿಯ ಕುರ್ಚಿಯಲ್ಲಿ ಕೂತು ಮೇಲಿನವರ ಕುತ್ತಿಗೆ ಹಿಡಿದಿದ್ದ. ನಾಳೆ ಇದೇ ಕುರ್ಚಿಯೂ ಇರಲಿಕ್ಕಿಲ್ಲ. ಸಾಕು ಮಾಡಲೇ ಎಂದು ಒಂದು ಮನಸ್ಸು ಕೇಳಿತು. ಸೀರೆ ಮಡಿಚಿ ಕೊಡುವಾಗ ಅದರ ಅಂಚನ್ನು ಒಂದೇ ಸಮ ನೀವುತ್ತಿದ್ದ ಮಗಳ ಕೈ ಕಣ್ಣಿಗೆ ಕಟ್ಟಿತು. ಆ ಮನಸ್ಸು ಸುಮ್ಮನಾಯಿತು.

"ಹಾಂ?... ಏನೋ ಗುಣುಗುಣು ಅಂದಂಗಾತು. ಕೇಳವಲ್ದ್ರಿ... ಲೈನು ಹಂಗ ಐತ್ರಿ ಸಾಹೇಬ್ರ, ನಾ ಏನ ಮಾಡಲಿ. ಜೋರಾಗಿ... ಇನ್ನಷ್ಟ. ನೀವು ಕವಾಯತಿನ್ಯಾಗ ಕೂಗತೀರಲ್ಲ, ಹಂಗ... 'ಲಕ್ಷ್ಮಪ್ಪ'... ಹೂಂ, ಅಲ್ಲೀತನಕ ಕೇಳಿತು. ಮುಂದ?... 'ಕುಡಿದಿರಲಿಲ್ಲ'... ಕಾರು ಹೊಡದಾವ್ರು ಯಾರು? ಅದು ಕೇಳಲಿಲ್ಲ... ಯಾರು?"

"ವಿಮಲಾಬಾಯಾರ, ನಡುವ ಬರಬ್ಯಾಡ್ರಿ. ಗೊತ್ತೈತಿ ಮೂರು ನಿಮಿಷ ಆತು ಅಂತ, ಇನ್ನೊಂದು ಮೂರು ಹಚ್ಚಿ ಬಿಡ್ರಿ. ಸರಕಾರಿ ಕೆಲಸ ನಡದೈತಿ... ನೀವೂ ಕೇಳಿದ್ರಾ? ಚಲೋ ಆತು. ಸಾಹೇಬ್ರು ಇನ್ನೊಮ್ಮೆ ಹೇಳತಾರ, ಕೇಳ್ರಿ... ಸಾಹೇಬ್ರ, ಯಾರು ಹೊಡೀತಿದ್ರು?"

ಈ ಸಲ ಬಂದ ಕೂಗು ಫೋನಿನಿಂದ ಹೊರಗೆ ಹಾರಿ ಮೋತಿಬಿಗೂ ಕೇಳಿತು. ನಾನೇ ಹೊಡೀತಿದ್ದೆ, ತಪ್ಪು ನಂದು, ಸಾಕೇನು ಎಂಬ ಕೂಗು. ಕಟ್ಟೆಯ ಮೇಲಿನ ಕೆಮ್ಮು ನಿಂತಿತು.

"ಸಾಕ್ರಿ... ಇಲ್ರೀ, ಕಾರಿನ ಮಾತ ನೀವು ಹೇಳಬೇಕಾಗಿಲ್ಲ. ಅದು ಮೈತುಂಬ ಕೆಸರ ಮೆತಗೊಂಡು ಶಿರಹಟ್ಟಿಗೆ ಬಂದು, ಗಸ್ತಿಗೆ ಆಗ್ತೀನೋ ಇಲ್ಲೋ ಅಂತ ದೊಡ್ಡ ಸಾಹೇಬ್ರಿಗೆ ತಾನ ಹೇಳತೈತಿ. ಈಗ ಫೋನ ಹೊಳೆಯಪ್ಪನ ಕೈಯಾಗ ಕೊಡ್ರಿ."

ಕೈ ಬದಲಾದ ಸದ್ದು. ಬೇರೆ ಉಸಿರು. ಒರಟಾದ, ಹೊಗೆಸೊಪ್ಪಿನ ಉಸಿರು.

"ಹಲೋ... ಯಣ್ಣಾ, ನಾನು... ಹಾಂ, ಲಕ್ಷ್ಮಪ್ಪ... ಕೇಳಿದಿ?... ಎಲ್ಲಾರೂ ಕೇಳಿದ್ರಾ?"

"... ಆತು, ಅದು ಇರಲಿ. ಮೊದಲ ಮಂದೀನ ಕರಿ. ಹಗ್ಗ ಮುಂದಿನ ಅಚ್ಚಿಗೆ ಕಟ್ಟಸು, ಬಂಪರಿಗೆ ಕಟ್ಟಿದ್ರ ಕಿತ್ತ ಬರತೈತಿ. ಎಳ್ಯಾಕ ನೀವು, ಹಿಂದಿಂದ ನೂಕಾಕ ಸಾಹೇಬ್ರು... ಹೂಂ, ಅವ್ರ. ಬೂಟ ಬಿಚ್ಚಿ ಇಳೀಲಿ. ಹಿಂದಿನ ಗಾಲಿ ನೇರಕ ನಿಂದ್ರಸು, ಅಲ್ಲೆ ಹಿಡ್ಯಾಕ ಚಲೋ ಐತಿ. ಕಡೀಕ ಕಾರು ಅಳ್ಳಾಡಿದ ಮ್ಯಾಲ ಅಲ್ಲಾಉದ್ದೀನಗ ಒಂದ ಸಲ ಎಂಜಿನ್ ಜೋರ ಮಾಡಾಕ ಹೇಳು... ಹಾಂ, ಗೊತ್ತೈತಿ, ಕೆಸರೆಲ್ಲಾ ಅತ್ತಾಗ ಹಾರತೈತಿ... ಏನೂ ಅನ್ನಂಗಿಲ್ಲ ಬಿಡು. ಅನ್ನಾಕ ಇನ್ನ ಏನ ಉಳದೈತಿ ಅವ್ರ ಹತ್ರ."

ಹೊಳೆಯಪ್ಪ ನಕ್ಕ. ಲಕ್ಷ್ಮಪ್ಪನೂ ನಕ್ಕ. ಹೋದ ವರ್ಷ ಸಕ್ಕರೆ ಹಂಚಿದ ದಿನ ಇಬ್ಬರೂ ಹೀಗೇ ಒಟ್ಟಿಗೆ ನಕ್ಕಿದ್ದರು. ನಗು ತೀರಿದ ಮೇಲೆ ಹೊಳೆಯಪ್ಪ ದನಿ ತಗ್ಗಿಸಿ ಬೇರೇನೋ ಹೇಳತೊಡಗಿದ. ಆ ಮಾತಿಗಾಗಿಯೇ ಲಕ್ಷ್ಮಪ್ಪ ವರ್ಷವಿಡೀ ಕಾದಿದ್ದ. ಬಂದರೆ ಏನು ಉತ್ತರ ಕೊಡಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿಕೊಂಡಿದ್ದ. ಈಗ ಅದು ಬಂದಿತ್ತು.

"ಏನಂದಿ?... ಶ್ರಾವಣ ಮುಗದ ಮ್ಯಾಲಾ?... ನಿನ್ನ ಮಗಗ ಇನ್ನೂ ಎಲ್ಲೂ ನೋಡಿಲ್ಲಾ?... ಸೀರಿ ಹಂಗ ಪೆಟಿಗ್ಯಾಗ ಐತಾ?... ನಾ ಏನ ಹೇಳಲಿ ಯಣ್ಣಾ. ದುರಗವ್ವನ್ನ ಕೇಳಬೇಕು. ನೀವು ಬಂದು ಇಸಗೊಂಡ ಹೋದ ದಿನ ಆಕಿ ಒಂದ ಮಾತ ಆಡಲಿಲ್ಲ. ಈಗ ಆಕೀನ ಆಡಬೇಕು."

"ಸಿಟ್ಟಿಲ್ಲ... ಇಲ್ಲ ಯಣ್ಣಾ, ನಿನ್ನ ಮ್ಯಾಲ ಯಾಕ ಸಿಟ್ಟು..."

ಸಿಟ್ಟಿಲ್ಲ ಎಂದು ಹೇಳಿದ ಮೇಲೆ ಲಕ್ಷ್ಮಪ್ಪನಿಗೆ ಗೊತ್ತಾಯಿತು, ಸಿಟ್ಟು ಇರುವುದೆಲ್ಲ ಹೊಳೆಯಪ್ಪನ ಮೇಲೆಯೇ ಎಂದು. ಸಾಹೇಬ ಹೊರಗಿನವನು. ತನ್ನ ಕುತ್ತಿಗೆ ಉಳಿಸಿಕೊಳ್ಳಲು ಸುಳ್ಳು ಹೇಳಿದ. ಈ ಮನುಷ್ಯ ಒಂದೇ ತಾಟಿನಲ್ಲಿ ಉಂಡವನು.

"ಒಂದ ಮಾತ ಕೇಳತೀನಿ ಯಣ್ಣಾ. ಸುದ್ದಿ ಹಬ್ಬಿದ ಮರುದಿನ ನಾ ನಿನ್ನ ಮನಿಗೆ ಬಂದಿದ್ನಿ. ನಿನ್ನ ಪಡಸಾಲ್ಯಾಗ ಕುಂತು, ಮುಂದಿಟ್ಟ ರೊಟ್ಟಿ ಮುಟ್ಟಿ ಹೇಳಿದ್ನಿ, ಕುಡದಿಲ್ಲ ಅಂತ. ಅವತ್ತ ನೀ ನಂಬಿದ್ದು ಸಾಹೇಬನ ಮಾತ. ಇವತ್ತೂ ನೀ ನಂಬಿದ್ದು ಸಾಹೇಬನ ಮಾತ. ನನ್ನ ಮಾತ... ನನ್ನ ಮಾತ ನೀ ಎಂದ ನಂಬ್ತಿ? ಅದನ್ನ ಹೇಳು. ಮನಿಗೆ ಹೋಗಿ ಮಗಳಿಗೆ ನಾ ಅದನ್ನ ಹೇಳಬೇಕು..."

ಫೋನಿನಲ್ಲಿ ಹೊಳೆಯಪ್ಪನ ಉಸಿರು ಒಮ್ಮೆ ಎಳೆದು ನಿಂತಿತು. ಅವನು ಏನೋ ಹೇಳಲು ಬಾಯಿ ತೆರೆದದ್ದು ತಿಳಿಯಿತು. ಆಗಲೇ ಲೈನು ಖರಖರ ಎಂದಿತು. ಈ ಸಲ ನಿಜವಾಗಿ.

"ಹಲೋ... ಯಣ್ಣಾ, ಕೇಳವಲ್ದು... ಖರೇನ ಕೇಳವಲ್ದು ಯಣ್ಣಾ, ಜೋರಾಗಿ ಹೇಳು... 'ಲಕ್ಷ್ಮಪ್ಪ' ಅಂದಿದ್ದು ಕೇಳಿತು, ಮುಂದ?... ಮುಂದ ಏನಂದಿ?... ವಿಮಲಾಬಾಯಾರ, ಇನ್ನೊಂದು ಮೂರು ನಿಮಿಷ... ಒಂದ ನಿಮಿಷ ಸಾಕ್ರಿ... ಹಲೋ... ಹಲೋ..."